ಗಲ್ಲಾದಲ್ಲಿ ಕೂತ ಕಿವಿ

ಆಗಸ್ಟ್ 17, ಭಾನುವಾರ

ಅಮ್ಮ ಮಧ್ಯಾಹ್ನ ಸಾರು ಬಡಿಸುತ್ತಾ ಬಡಿಸುತ್ತಾ ತೀರ್ಮಾನವನ್ನೂ ಬಡಿಸಿಬಿಟ್ಟಳು. ದೀಪಾವಳಿ ಮುಗಿದ ಕೂಡಲೇ ರೂಪೇಶನನ್ನು ಕೋಟೇಶ್ವರಕ್ಕೆ, ಅಜ್ಜಿಯ ಮನೆಗೆ ಕರೆದುಕೊಂಡು ಹೋಗಿ ಬಿಡುವುದಂತೆ. "ಅಲ್ಲಿ ಮೆಟ್ಲ್ ಇಲ್ಲೆ, ಗಲಾಟಿ ಇಲ್ಲೆ. ಚಾವಡಿ ಮೇಲ್ ಕೂಕಂಡ್ ರೇಡಿಯೊ ಕೇಂತಾ ಇರ್ಲಿ ಪಾಪ" ಅಂದಳು. ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. ರೂಪೇಶ "ಆಯ್ತ್" ಅಂದ, ಅಷ್ಟೇ.

ನನಗೆ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತಮೂರು ವರ್ಷದ ಹುಡುಗ ಚಾವಡಿಯಲ್ಲಿ ಕೂತು ರೇಡಿಯೊ ಕೇಳುವುದಾ! ಹೋದ ವರ್ಷ ಜ್ವರ ಬಂದು ಕಣ್ಣಿನ ನರ ಸೋತು ನನ್ನ ತಮ್ಮನಿಗೆ ಎರಡೂ ಕಣ್ಣು ಹೋದದ್ದು ನಿಜ. ಇನ್ನು ದೃಷ್ಟಿ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದೂ ನಿಜ. ಆದರೆ ಅವತ್ತಿನಿಂದ ಇವನು ಆಸ್ಪತ್ರೆಗೆ ಬಿಟ್ಟರೆ ಇನ್ನೆಲ್ಲಿಗೂ ಮೆಟ್ಟಿಲು ಇಳಿದಿಲ್ಲ. ಕೆಳಗೇ ನಮ್ಮ ಹೋಟೆಲು. ಈ ತಮಿಳು ಊರಿನ ಪುರಸೈವಾಕ್ಕಂ ಪೇಟೆಯಲ್ಲಿ ಸೀರೆ ಆರಿಸಿ ಆರಿಸಿ ಸುಸ್ತಾದವರೆಲ್ಲ ಕಾಫಿಗೆ ಬಂದು ಬೀಳುವುದು ಅಲ್ಲಿಗೇ. ಬಿಸಿಎ ಓದುವಾಗಲೂ ಇವನು ಸಂಜೆ ಶರ್ಟಿನ ತೋಳು ಮಡಿಸಿ ಸಪ್ಲೈಗೆ ನಿಂತರೆ ಅರ್ಧ ಹೋಟೆಲನ್ನು ಒಬ್ಬನೇ ಸುಧಾರಿಸುತ್ತಿದ್ದ. ಈಗ ಗೋಡೆಗೆ ಮುಖ ಹಾಕಿ ಮಲಗಿರುತ್ತಾನೆ. ಕೋಟೇಶ್ವರಕ್ಕೆ ಹೋದರೆ ತಿರುಗಿ ಬರುವುದಿಲ್ಲ, ನನಗೆ ಗೊತ್ತು.

ಪಾಪದವನಿಗೆ ನಾನೊಂದು ಆಟ ಮಾಡಿಕೊಡುತ್ತೇನೆ. ಕಣ್ಣು ಬೇಡದ, ಕಿವಿಯಿಂದಲೇ ಆಡುವ ವಿಡಿಯೊ ಗೇಮ್. ಮೊದಲು ಊಟ ನಿದ್ದೆ ಬಿಟ್ಟು ಗೇಮ್ ಆಡುತ್ತಿದ್ದವನು ತಾನೇ. ಆಟ ಸಿಕ್ಕರೆ ಎದ್ದು ಕೂರುತ್ತಾನೆ. ಎದ್ದು ಕೂತವನು ಒಂದು ದಿನ ಕೆಳಗೂ ಇಳಿದಾನು.

ಆಗಸ್ಟ್ 20, ಬುಧವಾರ

ಆಟ ಕಟ್ಟುವುದಕ್ಕೆ ಎಂಜಿನ್ ಬೇಕು. ಎಂಜಿನ್ ಅಂದರೆ ಒಂದು ತಂತ್ರಾಂಶ. ಬೀಳುವುದು, ಡಿಕ್ಕಿ ಹೊಡೆಯುವುದು, ಬೆಳಕು, ಸದ್ದು ಎಲ್ಲ ಅದರೊಳಗೆ ಮೊದಲೇ ತಯಾರಿರುತ್ತದೆ, ಜೋಡಿಸುವ ಕೆಲಸ ಮಾತ್ರ ನಮ್ಮದು. ನಾನೋ, ನುಂಗಂಬಾಕ್ಕಂನ ಆಫೀಸಿನಲ್ಲಿ ಕೂತು ಆ್ಯಪಿನ ಗುಂಡಿ ಯಾವ ಬಣ್ಣದಲ್ಲಿರಬೇಕು ಎಂದು ದಿನವಿಡೀ ತಲೆ ಕೆಡಿಸಿಕೊಳ್ಳುವವಳು. ಇವತ್ತು ಊಟದ ಹೊತ್ತಿನಲ್ಲಿ ಖರ್ಚಿಲ್ಲದ ಎಂಜಿನ್‌ಗಳನ್ನೆಲ್ಲ ತೆರೆದು ನೋಡಿದೆ.

ಯೂನಿಟಿಗೆ ಬಾರದ ವಿದ್ಯೆಯಿಲ್ಲ. ಸಣ್ಣವರಿಗೆ ಬಿಟ್ಟಿ, ಕಲಿಸಿಕೊಡುವ ವಿಡಿಯೊಗಳು ಈ ಜನ್ಮಕ್ಕೆ ಸಾಕಾಗುವಷ್ಟಿವೆ. ಆದರೆ ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಅದು ತೆರೆಯುವಷ್ಟರಲ್ಲಿ ಒಂದು ಕಾಫಿ ಕುಡಿದು ಬರಬಹುದು. ಎರಡು ವರ್ಷದ ಹಿಂದೆ ಹೊಸ ಶುಲ್ಕ ಹಾಕುತ್ತೇವೆ ಎಂದು ಹೇಳಿ, ಗಲಾಟೆಯಾಗಿ, ಆಮೇಲೆ ಹಿಂದಕ್ಕೆ ತೆಗೆದುಕೊಂಡರಂತೆ. ಆ ಸುದ್ದಿ ಓದಿದ ಮೇಲೆ ಯಾಕೋ ಮನಸ್ಸು ಹಿಂಜರಿಯಿತು. ಗೇಮ್‌ಮೇಕರ್ ಕಲಿಯಲು ಸಲೀಸು, ಮಾರಾಟ ಮಾಡದವರಿಗೆ ಉಚಿತ. ಆದರೆ ಅದರ ಜೀವ ಇರುವುದು ಚಪ್ಪಟೆ ಆಟಗಳಲ್ಲಿ. ನನಗೆ ಸುತ್ತಲಿಂದಲೂ ಸದ್ದು ಬರುವ ಒಂದು ಕೋಣೆ ಬೇಕು. ಗೊಡೋ ಪೂರ್ತಿ ಉಚಿತ, ಯಾರೊಬ್ಬರ ಸೊತ್ತೂ ಅಲ್ಲ, ಊರೂರಿನ ಜನ ಸೇರಿ ಕಟ್ಟಿದ್ದು, ಹಗುರ ಬೇರೆ. ಇನ್ನೊಂದರ ಹೆಸರು ಲವ್. ಎಂಜಿನ್‌ಗೆ ಇಡುವ ಹೆಸರಾ ಅದು! ಅದಕ್ಕೊಂದು ಕಿಟಕಿಯಿಲ್ಲ, ಗುಂಡಿಯಿಲ್ಲ, ಎಳೆದು ಜೋಡಿಸಲು ಏನೂ ಇಲ್ಲ. ಖಾಲಿ ಹಾಳೆಯ ಮೇಲೆ ಅಕ್ಷರ ಕುಟ್ಟುತ್ತಾ ಕೂರಬೇಕು. ನೋಡಿದ ತಕ್ಷಣ ಮುಚ್ಚಿದೆ.

ಗೊಡೋ ಅಂತ ನಿರ್ಧಾರ.

ಆಗಸ್ಟ್ 24, ಭಾನುವಾರ

ಇವತ್ತು ಒಂದು ಚೆಂಡು ಬಿತ್ತು!

ನಗಬೇಡ ಅನ್ವಿತಾ, ಇದು ಸಣ್ಣ ವಿಷಯವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ನೆಲ ಇಟ್ಟೆ, ಮೇಲೆ ಒಂದು ಚೆಂಡು ಇಟ್ಟೆ, ಅದಕ್ಕೆ ಭಾರ ಇಷ್ಟು ಅಂತ ಬರೆದೆ. ಬೀಳು ಎಂದು ನಾನು ಹೇಳಿರಲಿಲ್ಲ. ಅದು ತಾನಾಗಿ ಬಿತ್ತು, ಪುಟಿಯಿತು, ಎರಡನೇ ಸಲ ಸ್ವಲ್ಪ ಕಡಿಮೆ ಪುಟಿಯಿತು, ಉರುಳಿ ನಿಂತಿತು. ಯಾರೋ ಎಲ್ಲಿಯೋ ಕೂತು, ಮುಖ ನೋಡದ ನನಗಾಗಿ ಭೂಮಿಯ ಸೆಳೆತವನ್ನು ಬರೆದಿಟ್ಟು, ತಗೋ ಎಂದು ಪುಕ್ಕಟೆ ಕೊಟ್ಟುಬಿಟ್ಟಿದ್ದಾರೆ. ಬೆಳಿಗ್ಗೆಯಿಂದ ಆ ಚೆಂಡನ್ನು ಎಷ್ಟು ಸಲ ಬೀಳಿಸಿದೆನೋ ದೇವರೇ ಬಲ್ಲ. ಅಮ್ಮ ಬಂದು ನೋಡಿ, "ಇದ್ಕೆ ಆಪೀಸಿನಂಗೆ ಸಂಬ್ಳ ಕೊಡ್ತ್ರಾ?" ಅಂದಳು.

ಆಗಸ್ಟ್ 31, ಭಾನುವಾರ

ಚೆಂಡಿಗೆ ಸದ್ದು ಅಂಟಿಸಿದೆ. ಹೆಡ್‌ಫೋನ್ ಹಾಕಿಕೊಂಡು ಅದನ್ನು ಉರುಳಿಸಿದರೆ ಎಡಗಿವಿಯಿಂದ ಬಂದು ಮೂಗಿನ ಮುಂದೆ ಹಾದು ಬಲಗಿವಿಯಿಂದ ಹೊರಟುಹೋಯಿತು. ದೂರ ಹೋದಷ್ಟೂ ಕ್ಷೀಣ. ಅಬ್ಬಾ! ಮೈ ಜುಮ್ಮೆಂದಿತು. ತಲೆಯೊಳಗೆ ಒಂದು ಕೋಣೆ ಇದ್ದ ಹಾಗೆ ಅನಿಸಿತು.

ಒಂದು ಕೊರತೆ ಇದೆ. ಎಡ ಬಲ ಚೆನ್ನಾಗಿ ಗೊತ್ತಾಗುತ್ತದೆ, ಮುಂದೆ ಯಾವುದು ಹಿಂದೆ ಯಾವುದು ಎನ್ನುವುದು ಅಷ್ಟು ಸರಿಯಾಗಿ ತಿಳಿಯುವುದಿಲ್ಲ. ಇರಲಿ, ಬಿಟ್ಟಿ ಸಿಕ್ಕ ಎಮ್ಮೆಯ ಹಲ್ಲು ಎಣಿಸಬಾರದು. ಆಟ ಏನು ಎಂಬುದು ಹೊಳೆದಿದೆ. ನಮ್ಮದೇ ಹೋಟೆಲು. ಆಡುವವನು ಸಪ್ಲೈಯರ್. ಅಡುಗೆಮನೆಯಿಂದ ತಟ್ಟೆ ಹಿಡಿದು ಹೊರಟು, ಸದ್ದು ಕೇಳಿಕೊಂಡೇ ಸರಿಯಾದ ಟೇಬಲ್ ಮುಟ್ಟಬೇಕು. ರೂಪೇಶನಿಗೆ ಇದಕ್ಕಿಂತ ಸುಲಭದ್ದು ಇನ್ನೇನಿದೆ, ಪಾಪ.

ಸೆಪ್ಟೆಂಬರ್ 6, ಶನಿವಾರ

ಬೆಳಿಗ್ಗೆಯಿಂದ ಹೋಟೆಲಿನ ಸದ್ದು ಹಿಡಿದೆ. ಅಪ್ಪನನ್ನು ಟಿಫಿನ್‌ಗೆ ಎಬ್ಬಿಸಿ ಗಲ್ಲಾ ಮೇಲೆ ನಾನು ಕೂತು, ದುಡ್ಡಿನ ಪೆಟ್ಟಿಗೆಯ ಪಕ್ಕದಲ್ಲೇ ಫೋನ್ ಇಟ್ಟು ಎಲ್ಲ ರೆಕಾರ್ಡ್ ಮಾಡಿದೆ.

ನನಗೆ ಆ ಸ್ಟೂಲು ಚಿಕ್ಕಂದಿನಿಂದ ರೂಢಿ. ನಮ್ಮ ಕಡೆಯ ಹೋಟೆಲಿನವರ ಕ್ರಮವೇ ಹಾಗೆ. ಗಂಡುಮಕ್ಕಳು ಯಜಮಾನನ ಮಗನೇ ಆಗಲಿ, ಲೋಟ ತೊಳೆದು, ಟೇಬಲ್ ಒರೆಸಿ, ಸಪ್ಲೈ ಮಾಡಿ ಆಮೇಲೆ ಗಲ್ಲಾಕ್ಕೆ ಬರಬೇಕು. ಹೆಣ್ಣುಮಕ್ಕಳಿಗೆ ಒಳಗಿನ ಕೆಲಸವೇ ಇಲ್ಲ. ಶಾಲೆ ಬಿಟ್ಟ ಮೇಲೆ ಅಪ್ಪನ ಪಕ್ಕ ಸ್ಟೂಲಿನಲ್ಲಿ ಕೂತು ಚಿಲ್ಲರೆ ಕೊಡುವುದು, ಮನೆಗೆ ಹೋಗುವುದು. ಮೂವತ್ತರ ಹತ್ತಿರ ಬಂದರೂ ನಾನು ನಮ್ಮ ಅಡುಗೆಮನೆಯ ಬಾಗಿಲಿನಿಂದ ಹೋಟೆಲನ್ನು ನೋಡಿದವಳಲ್ಲ.

ಗಲ್ಲಾದಿಂದ ಕಾಣುವ ಹಾಗೆಯೇ ಆಟದಲ್ಲೂ ಕ್ಯಾಮೆರಾ ಇಟ್ಟೆ. ಎಲ್ಲ ಟೇಬಲ್ಲೂ ಎಷ್ಟು ಚಂದ ಕಾಣುತ್ತದೆ ಅಲ್ಲಿಂದ!

ಸೆಪ್ಟೆಂಬರ್ 9, ಮಂಗಳವಾರ

ಆಟ ಕೊಟ್ಟೆ. ಐದು ನಿಮಿಷ ಕೂಡ ಆಡಲಿಲ್ಲ. ಹೆಡ್‌ಫೋನ್ ಕಿತ್ತು ಹಾಸಿಗೆಯ ಮೇಲೆ ಎಸೆದು, "ಪೋದುಂಕ್ಕಾ. ಸಾಕ್" ಎಂದು ಗೋಡೆಗೆ ತಿರುಗಿದ.

ಬರೆಯಲು ಮನಸ್ಸಿಲ್ಲ.

ಸೆಪ್ಟೆಂಬರ್ 14, ಭಾನುವಾರ

ಇವತ್ತಿನದನ್ನು ಹೇಗೆ ಬರೆಯಲಿ?

ಸಂಜೆ ಕಾಫಿ ಕೊಡಲು ಹೋದೆ. ಲೋಟ ಹಿಡಿದುಕೊಂಡು, ಗೋಡೆಯ ಕಡೆಗೇ ಮುಖ ಇಟ್ಟು, "ಅಕ್ಕಾ, ಆ ಆಟದಲ್ಲಿ ನಾನ್ ನಡೀತಾ ಇದ್ನಾ ಇಲ್ಯಾ?" ಅಂದ. ನೀನು ನಡೆಯುತ್ತಿದ್ದೆ ಅಂದೆ. "ಕಾಲ್ ನಡೀತಿತ್ತ್. ಕಿವಿ ನಡೀತಿರ್ಲಿಲ್ಲ. ಕೈ ತೊಳೆಯೋ ನಲ್ಲಿ ಬಲಗಡೆ ಇದ್ದದ್ದ್ ಬಲಗಡೆನೇ. ನಾನ್ ಒಳಗಿಂದ ಬರೋವಾಗ ಅದು ಎಡಕ್ಕೆ ಬರಬೇಕಲ್ದಾ? ಕ್ಯಾಮೆರಾ ಎಲ್ಲಿಟ್ಟಿದ್ದೆ ನೀನು?"

ಗಲ್ಲಾದಲ್ಲಿ ಅಂದೆ.

ಗೋಡೆ ಬಿಟ್ಟು ಈ ಕಡೆ ತಿರುಗಿದ. ಆಮೇಲೆ ನಕ್ಕ! ಕಾಫಿ ಚೆಲ್ಲುವ ಹಾಗೆ ನಕ್ಕ. "ಎಂತ ಮಾರಾಯ್ತಿ! ಅಪ್ಪನ ಕಿವಿ ತಂದು ನಂಗ್ ಅಂಟ್ಸಿದ್ಯಲೇ! ಇಂಥಾ ಎಂಜಿನ್‌ನಲ್ಲಿ ಕ್ಯಾಮೆರಾ ಇದ್ದಲ್ಲೇ ಕಿವಿ ಇರೋದ್. ತಟ್ಟೆ ಹಿಡ್ಕೊಂಡ್ ಓಡಾಡೋನು ನಾನು, ಕೇಳಿಸ್ಕೊಳ್ಳೋದು ದುಡ್ಡೆಣಿಸ್ತಾ ಕೂತೋರು!"

ಓಡಿಬಂದು ನೋಡಿದೆ. ಹೌದು. ನನಗೆ ಇಷ್ಟು ದಿನ ಹೊಳೆಯದ್ದು ಇವನಿಗೆ ಐದು ನಿಮಿಷದಲ್ಲಿ, ಅದೂ ಕತ್ತಲಲ್ಲಿ ಹೊಳೆದಿದೆ. ನಾನು ಕಣ್ಣಿಗೆ ಚಂದ ಕಾಣಲಿ ಎಂದು ಕ್ಯಾಮೆರಾ ಇಟ್ಟೆ. ಕಣ್ಣು ಬೇಡದ ಆಟಕ್ಕೆ! ನನ್ನ ಬುದ್ಧಿ ಇಷ್ಟೇ. ಅಡುಗೆಮನೆಯಲ್ಲಿದ್ದ ಅಮ್ಮ ಅವನ ನಗು ಕೇಳಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಿದ್ದಳು.

ಸೆಪ್ಟೆಂಬರ್ 18, ಗುರುವಾರ

ಕಿವಿಯನ್ನು ಗಲ್ಲಾದಿಂದ ಎಬ್ಬಿಸಿ ನಡೆಯುವವನ ತಲೆಗೆ ಕಟ್ಟಿದೆ. ರೂಪೇಶ ಆಡಿದ. ಹತ್ತು ತಪ್ಪು ಹೇಳಿದ. ಬೆನ್ನ ಹಿಂದಿನ ಸದ್ದು ಸ್ವಲ್ಪ ಮಂಕಾಗಲಿ, ಆಗ ಮುಂದೆ ಹಿಂದೆ ತಿಳಿಯುತ್ತದೆ ಅಂದ. ಮಾಡಿ ನೋಡಿದೆ. ತಿಳಿಯುತ್ತದೆ! ಎಂಜಿನ್ನಿನ ಕೊರತೆ ಎಂದು ನಾನು ಬರೆದು ಕೈಬಿಟ್ಟದ್ದನ್ನು ಅವನು ಒಂದು ಮಾತಿನಲ್ಲಿ ರಿಪೇರಿ ಮಾಡಿದ.

ಪ್ರತಿಯೊಂದಕ್ಕೂ ನನ್ನನ್ನು ಕರೆಯುವುದು ಅವನಿಗೆ ಸಾಕಾಗಿದೆ. "ನಾನೇ ಬರೀತೆ, ಕೊಡ್" ಅಂದ. ಪರದೆಯ ಮೇಲಿನದ್ದನ್ನು ಓದಿ ಹೇಳುವ ಉಚಿತ ತಂತ್ರಾಂಶ ಹೋದ ವರ್ಷವೇ ಹಾಕಿಸಿದ್ದೆವು. ಆ ಧ್ವನಿ ಕೇಳಿದರೆ ತಲೆ ಸಿಡಿಯುತ್ತದೆ ಎಂದು ಮುಟ್ಟಿರಲಿಲ್ಲ. ಇವತ್ತು ತಾನೇ ಆನ್ ಮಾಡಿದ. ಗೊಡೋದ ಹೊಸ ಆವೃತ್ತಿ ಇದೇ ವಾರ ಬಂದಿದೆ, ಅದರಲ್ಲಿ ಇಂಥ ಓದುವಿಕೆಗೆ ಮೊದಲ ಸಲ ದಾರಿ ಮಾಡಿದ್ದಾರೆ. ಎಷ್ಟು ಖುಷಿಯಾಯಿತೆಂದರೆ! ಆದರೆ ಅದಿನ್ನೂ ಅಂಬೆಗಾಲಿನಲ್ಲಿದೆ. ಕೆಲವು ಕಡೆ ಓದುತ್ತದೆ, ಕೆಲವು ಕಡೆ ಮೌನ. ರೂಪೇಶ ಒಂದು ಗಂಟೆ ಒದ್ದಾಡಿ, "ಗುಂಡಿ ಕಾಡಲ್ಲಿ ಕಳ್ದ್ ಹೋದೆ ಅಕ್ಕಾ" ಅಂದ.

ಗುಂಡಿ ಮಾಡಿಯೇ ಅನ್ನ ತಿನ್ನುವವಳು ನಾನು.

ಸೆಪ್ಟೆಂಬರ್ 20, ಶನಿವಾರ

"ಗುಂಡಿನೇ ಇಲ್ಲದ ಎಂಜಿನ್ ಇಲ್ಯಾ?" ಎಂದು ಬೆಳಿಗ್ಗೆ ಕೇಳಿದ.

ಇದೆ. ನಾನು ಒಂದೇ ನೋಟಕ್ಕೆ ಬೇಡ ಎಂದ ಲವ್. ಇರುವುದೆಲ್ಲ ಅಕ್ಷರ, ಮೇಲಿನಿಂದ ಕೆಳಗೆ ಸಾಲು ಸಾಲು. ಓದುವ ಧ್ವನಿ ಎಲ್ಲಿಯೂ ಎಡವುವುದಿಲ್ಲ. ಅದರ ಯಾವ ಯಾವ ದೌರ್ಬಲ್ಯ ಬರೆದಿದ್ದೆನೋ ಅಷ್ಟೂ ಅವನಿಗೆ ಶಕ್ತಿ. ಕಿಟಕಿಯಿಲ್ಲ, ಒಳ್ಳೆಯದು. ಎಳೆದು ಜೋಡಿಸಲು ಏನೂ ಇಲ್ಲ, ಇನ್ನೂ ಒಳ್ಳೆಯದು. ಚಿತ್ರ ತೋರಿಸದಿದ್ದರೆ ಅದಕ್ಕೆ ಬೇಜಾರೂ ಇಲ್ಲ.

ಯಾವ ಎಂಜಿನ್ ಒಳ್ಳೆಯದು ಎಂದು ಆಫೀಸಿನಲ್ಲಿ ಯಾರಾದರೂ ಕೇಳಿದರೆ ಇನ್ನು ಮೇಲೆ ಮೊದಲು, ಅದರ ಮುಂದೆ ಕೂರುವವರು ಯಾರು ಎಂದು ಕೇಳಬೇಕು.

ಸೆಪ್ಟೆಂಬರ್ 27, ಶನಿವಾರ

ಓದುವ ಧ್ವನಿಯ ವೇಗವನ್ನು ಏರಿಸುತ್ತಾ ಏರಿಸುತ್ತಾ ಎಲ್ಲಿಗೆ ತಂದಿದ್ದಾನೆಂದರೆ, ನನಗೆ ಅದು ಒಗ್ಗರಣೆ ಸಿಡಿದ ಸದ್ದು. ಅವನಿಗೆ ಪ್ರತಿ ಅಕ್ಷರವೂ ಗೊತ್ತಾಗುತ್ತದೆ. ಅದನ್ನು ಕೇಳುತ್ತಾ, ಟೈಪ್ ಮಾಡುತ್ತಾ, "ಅಕ್ಕಾ, ಬಾಗ್ಲ್ ಹತ್ರ ನಿಂತ್ ಎಂತ ಮಾಡ್ತಿ?" ಎಂದು ಕೇಳಿದ. ನಾನು ಬರಿಗಾಲಲ್ಲಿ ಬಂದಿದ್ದೆ.

ಪಕ್ಕದಲ್ಲಿ ಸುಮ್ಮನೆ ಕೂತು ನೋಡಿದೆ. ಕಪ್ಪು ಪರದೆ. ಬೆರಳು ಓಡುತ್ತಿದೆ. ಗಾಳಿಯಲ್ಲಿ ಒಂದು ಹೋಟೆಲು ಎದ್ದು ನಿಲ್ಲುತ್ತಿದೆ, ನನಗೆ ಅದರ ಒಂದು ಕಂಬವೂ ಕಾಣುವುದಿಲ್ಲ. ಭಯವೂ ಆಯಿತು, ಕೈ ಮುಗಿಯಬೇಕು ಎಂದೂ ಅನಿಸಿತು. ಊಟಕ್ಕೆ ಕರೆದರೆ ಬರುವುದಿಲ್ಲ ಕತ್ತೆ.

ಅಕ್ಟೋಬರ್ 4, ಶನಿವಾರ

ಜಗಳ. ದೊಡ್ಡ ಜಗಳ.

ನನ್ನ ರೆಕಾರ್ಡಿಂಗ್ ಒಂದೂ ಬೇಡವಂತೆ. ಎಲ್ಲ ಗಲ್ಲಾದಿಂದ ಕೇಳಿದ ಹೋಟೆಲಂತೆ. ಒಂದೊಂದು ಸದ್ದನ್ನೂ ಅದರ ಬುಡದಲ್ಲೇ ಹೋಗಿ ಹಿಡಿಯಬೇಕು, ಆಗಲೇ ಈ ಎಂಜಿನ್ ಅದನ್ನು ಬೇಕಾದಲ್ಲಿ ಇಡುತ್ತದೆ. ಸರಿ ಎಂದು ಮೂರು ದಿನ ಟೇಬಲ್ಲುಗಳ ನಡುವೆ ಫೋನ್ ಹಿಡಿದು ಸಪ್ಲೈಯರ್‌ಗಳ ಕಾಲಡಿಗೆ ಸಿಕ್ಕಿಕೊಂಡು ಓಡಾಡಿದೆ. ತಂದದ್ದಕ್ಕೆಲ್ಲ ಕೊಂಕು. ದೋಸೆಕಲ್ಲಿಗೆ ನೀರು ಚಿಮುಕಿಸುವುದು ಇಲ್ಲ, ಟೇಬಲ್ ಒರೆಸುವುದು ಒಣಬಟ್ಟೆಯದ್ದು, ಲೋಟ ಇಟ್ಟದ್ದು ಖಾಲಿ ಲೋಟ. "ನೀನ್ ಒಂದ್ ದಿನ ಸಪ್ಲೈ ಮಾಡಿದ್ರೆ ಗೊತ್ತಿರ್ತಿತ್ತ್" ಅಂದ.

ನನಗೆ ನೆತ್ತಿಗೇರಿತು. "ಅಷ್ಟ್ ಗೊತ್ತಿದ್ರೆ ಇಳ್ದ್ ಹೋಗಿ ನೀನೇ ಮಾಡ್ಕೋ! ಮೆಟ್ಲೇನ್ ಓಡ್ಹೋಯ್ತಾ?" ಎಂದು ಕೂಗಿಬಿಟ್ಟೆ.

ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಒಂದೂವರೆ ವರ್ಷದಿಂದ ಈ ಮನೆಯಲ್ಲಿ ಯಾರೂ ಅವನಿಗೆ ಮೆಟ್ಟಿಲು ಎಂಬ ಮಾತು ಆಡಿಲ್ಲ. ಅವನು ಲ್ಯಾಪ್‌ಟಾಪ್ ಮುಚ್ಚಿದ. ನಾನು ಹೊರಗೆ ಬಂದು ಬಚ್ಚಲಲ್ಲಿ ನಿಂತು ಅತ್ತೆ.

ಅಕ್ಟೋಬರ್ 9, ಗುರುವಾರ

ಮಾತಿಲ್ಲ. ನಾನು ಆಫೀಸಿಗೆ ಹೊರಡುವಾಗಲೂ ಮಲಗಿರುತ್ತಾನೆ, ಬಂದಾಗಲೂ ಮಲಗಿರುತ್ತಾನೆ. ಅಮ್ಮ ರೈಲಿನ ಟಿಕೆಟ್ ಮಾಡಿಸಿದ್ದಾಳೆ, ಇಪ್ಪತ್ತನಾಲ್ಕಕ್ಕೆ. ಟ್ರಂಕ್ ಇಳಿಸಿ ಅವನ ಪಂಚೆ, ಬನಿಯನ್ ಮಡಚಿಟ್ಟಿದ್ದಾಳೆ. ಎಲ್ಲ ನನ್ನ ಬಾಯಿಯಿಂದ ಆದದ್ದು.

ಅಕ್ಟೋಬರ್ 14, ಮಂಗಳವಾರ

ಇವನ ಶರ್ಟಿನ ತುಂಬ ಸಾಂಬಾರಿನ ಕಲೆ. ಹಾಸಿಗೆಯಲ್ಲಿ ಕೂತು ಉಂಡರೆ ಇನ್ನೇನಾಗುತ್ತದೆ ಎಂದು ಬೈದೆ. ಗೋಡೆಗೆ ಹೊರಳಿದ. ಅಪ್ಪ ಬಾಯಿಗೆ ಟವೆಲ್ ಅಡ್ಡ ಹಿಡಿದುಕೊಂಡು ಹೊರಗೆ ಹೋದರು. ಅವರಿಗೆ ಈ ಧೂಳಿನಲ್ಲಿ ಮತ್ತೆ ಕೆಮ್ಮು ಶುರುವಾದ ಹಾಗಿದೆ.

ಅಕ್ಟೋಬರ್ 18, ಶನಿವಾರ

ನಾಡಿದ್ದು ಹಬ್ಬ. ಬೀದಿಯಲ್ಲಿ ಕಾಲಿಡಲು ಜಾಗವಿಲ್ಲ. ಶನಿವಾರವೂ ಕರೆಸಿದ್ದ ಆಫೀಸಿನಿಂದ ಸಂಜೆ ಹೇಗೋ ನುಗ್ಗಿಕೊಂಡು ಬಂದು ಚಪ್ಪಲಿ ಬಿಡುತ್ತಿದ್ದೆ, ರೂಪೇಶ ಕೋಣೆಯಿಂದ ಕೂಗಿದ, "ಅಕ್ಕಾ, ಬಾ. ಆಡ್ ಕಾಂಬ."

ಹೆಡ್‌ಫೋನ್ ಹಾಕಿಕೊಂಡೆ. ಪರದೆ ಕಪ್ಪು. ಕಣ್ಣು ಮುಚ್ಚಿಕೋ ಅಂದ, ಮುಚ್ಚಿದೆ.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಮೂವತ್ತು ವರ್ಷದಲ್ಲಿ ಮೊದಲ ಸಲ. ಬೆನ್ನ ಹಿಂದೆ ಕಲ್ಲಿನ ಮೇಲೆ ನೀರು ಚುಂಯ್ ಎಂದಿತು, ಎಡಕ್ಕೆ ನಲ್ಲಿ, ಬಲಕ್ಕೆ ಲೋಟಗಳು. ನಡೆದರೆ ಹೋಟೆಲು ನನ್ನ ಸುತ್ತ ತಿರುಗಿತು. ಇಷ್ಟು ದೊಡ್ಡದಾ ನಮ್ಮ ಹೋಟೆಲು? ಗಲ್ಲಾದಿಂದ ಅದೊಂದು ಕೋಣೆ. ಇಲ್ಲಿಂದ ಅದು ಊರು. ಒಬ್ಬರು ಮಗುವಿಗೆ ಇಡ್ಲಿ ಮುರಿದುಕೊಡುತ್ತಾ ಸಮಾಧಾನ ಮಾಡುತ್ತಿದ್ದರು, ಯಾರೋ ಮದುವೆಯ ಮಾತಾಡುತ್ತಿದ್ದರು, ಒಂದು ಮೂಲೆಯಲ್ಲಿ ಕಾಫಿ ಎತ್ತಿ ಹೊಯ್ಯುತ್ತಿದ್ದರು. ದಿಕ್ಕು ತಪ್ಪಿ ಒಂದು ಕುರ್ಚಿಗೆ ಡಿಕ್ಕಿ ಹೊಡೆದೆ. ಮುಂದೆ ಎಲ್ಲೋ ಅಪ್ಪನ ಧ್ವನಿ, ಗಲ್ಲಾದಿಂದ: "ಸಿಲ್ಲರೈ ಇರುಕ್ಕಾ ಸಾರ್?" ಅದನ್ನೇ ಗುರಿಯಿಟ್ಟು ನಡೆದೆ.

ಹತ್ತಿರ ಬಂದ ಹಾಗೆ ಅಪ್ಪ ಮಾತಿನ ನಡುವೆಯೇ ನಿಂತುಬಿಟ್ಟರು. ಗಿರಾಕಿ ಬಿಲ್ಲು ಕೇಳುತ್ತಿದ್ದಾರೆ, ಅಪ್ಪ ಇಲ್ಲ. ಉಳಿದೆಲ್ಲ ಸದ್ದು ನಡೆಯುತ್ತಲೇ ಇದೆ, ಅಪ್ಪನದ್ದು ಮಾತ್ರ ಇಲ್ಲ. ರೆಕಾರ್ಡಿಂಗ್ ಕೆಟ್ಟಿದೆ ಅಂದುಕೊಂಡೆ. ಬಹಳ ಹೊತ್ತಿನ ಮೇಲೆ "ಎಂಟ್ನೇ ಟೇಬಲ್ ಒರ್ಸ್ ಮಾರಾಯ, ಜನ ನಿಂತ್ಕಂಡಿದ್ರ್" ಅಂದರು.

ಅದಕ್ಕೆ ನನ್ನ ಕಿವಿಯ ಬುಡದಲ್ಲೇ, ಫೋನ್ ಹಿಡಿದವನ ಧ್ವನಿ ಉತ್ತರ ಕೊಟ್ಟಿತು. "ಬಂದೆ ಅಪ್ಪಾ."

ಅದು ರೂಪೇಶನ ಧ್ವನಿ. ಚಪ್ಪಲಿಯ ಸದ್ದು, ಒಂದು ಬೆಂಚು ಸರಿದ ಸದ್ದು, ಆಮೇಲೆ ಒದ್ದೆ ಬಟ್ಟೆ ಕಲ್ಲಿನ ಟೇಬಲ್ಲಿನ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು.

ಕಣ್ಣು ಬಿಟ್ಟೆ. ಏನೂ ಕಾಣಲಿಲ್ಲ, ಅಷ್ಟು ನೀರು ತುಂಬಿತ್ತು. ಒರೆಸಿಕೊಂಡು ನೋಡಿದರೆ ಕೋಣೆಯಲ್ಲಿ ನಾನೊಬ್ಬಳೇ.

ಅಮ್ಮ ಬಾಗಿಲಲ್ಲಿದ್ದಳು, ಇವನು ಸಪ್ಲೈಗೆ ಕೆಳಗೆ ಇಳಿದುಹೋದ ಅಂದಳು. ಒಂದು ವಾರದಿಂದ, ನಾನು ಆಫೀಸಿಗೆ ಹೊರಟ ಮೇಲೆ ದಿನಾ ಗೋಡೆ ಹಿಡಿದು ಇಳಿಯುತ್ತಿದ್ದನಂತೆ, ಅಕ್ಕನಿಗೆ ಹೇಳಿದರೆ ನೋಡಿ ಎಂದು ಎಲ್ಲರ ಬಾಯಿ ಮುಚ್ಚಿಸಿದ್ದನಂತೆ. "ಇವ ಹಬ್ಬದ್ ಗಿರಾಕಿ ಬಿಟ್ ಬತ್ತಿಲ್ಲೆ ಅಂಬ್ರು, ಹಬ್ಬ ಮುಗ್ದ್ರೂ ಬತ್ತಿಲ್ಲೆ ಅಂಬ್ರು. ಕೋಟೇಶ್ವರಕ್ಕೆ ಇನ್ನ್ ನಾನ್ ಒಬ್ಳೇ ಹೋಯ್ಕ್" ಎಂದು ಗೊಣಗಿದಳು. ಟ್ರಂಕ್ ತೆಗೆದು ಅವನ ಬನಿಯನ್‌ಗಳನ್ನು ಒಂದೊಂದಾಗಿ ಕಪಾಟಿಗೆ ವಾಪಸ್ ಇಡತೊಡಗಿದಳು. ನಾನೂ ಹೋಗಿ ಕೈ ಹಾಕಿದೆ.